ಬಿದಿರು ಮೆಳೆಯ ಚೆಸ್ಟ್‌ನಟ್ ಬಾಬ್: ಬೆಳ್ಳಿ ಚುಕ್ಕೆಯ ಪುಟ್ಟ ಚಿಟ್ಟೆಯನ್ನು ಗುರುತಿಸುವುದು ಹೇಗೆ

ಬಿದಿರು ಮೆಳೆಗಳಿರುವ ಕಾಡುದಾರಿಯಲ್ಲಿ ನಡೆಯುವಾಗ ಮೊಣಕಾಲಿಗಿಂತ ಕೆಳಗೆ ಕಂದು ಬಣ್ಣದ್ದೊಂದು ಚಂಗನೆ ಎದ್ದು ಎರಡು ಮಾರು ಆಚೆಯ ಎಲೆಯ ಮೇಲೆ ಕೂರುತ್ತದೆ. ಹೆಚ್ಚಿನವರು ಪತಂಗ ಎಂದುಕೊಂಡು ಮುಂದೆ ಸಾಗುತ್ತಾರೆ. ಚಿಟ್ಟೆ ನೋಡುವ ಹವ್ಯಾಸವಿರುವವರೂ ‘ಯಾವುದೋ ಸ್ಕಿಪ್ಪರ್’ (ಗಿಡ್ಡ, ದಪ್ಪ ಮೈಯ ಚಿಟ್ಟೆಗಳ ಒಂದು ಕುಟುಂಬ) ಎಂದು ಬರೆದು ಸುಮ್ಮನಾಗುವುದುಂಟು. ಮಲೆನಾಡು, ಕೊಡಗು, ಕರಾವಳಿಯ ಕಾಡಂಚುಗಳಲ್ಲಿ ಅದು ಚೆಸ್ಟ್‌ನಟ್ ಬಾಬ್ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಗೊಂದಲ ಹುಟ್ಟಿಸುವ ಕಂದು ಸ್ಕಿಪ್ಪರ್‌ಗಳ ನಡುವೆ ಇದರಷ್ಟು ಖಚಿತವಾಗಿ ಹೆಸರು ಹೇಳಬಹುದಾದವು ಕೆಲವೇ. ಷರತ್ತು ಒಂದೇ: ಹಿಂದಿನ ರೆಕ್ಕೆಯ ಕೆಳಮೈ ನಿಮ್ಮ ಕಣ್ಣಿಗೆ ಬೀಳಬೇಕು.

ಇದರ ವೈಜ್ಞಾನಿಕ ಹೆಸರು ಇಯಾಂಬ್ರಿಕ್ಸ್ ಸಲ್ಸಲ. 1866ರಲ್ಲಿ ಫ್ರೆಡರಿಕ್ ಮೂರ್ ಇದನ್ನು ವಿವರಿಸಿದರು. ಪಶ್ಚಿಮ ಘಟ್ಟ, ಈಶಾನ್ಯ ಭಾರತ, ಶ್ರೀಲಂಕಾ, ಅಲ್ಲಿಂದ ಮ್ಯಾನ್ಮಾರ್, ಮಲೇಷ್ಯಾ, ಸಿಂಗಪುರದವರೆಗೂ ಇದು ಹರಡಿದೆ. ನಮ್ಮ ನಾಡಿನ ಮಟ್ಟಿಗೆ ಇಂಥ ಚಿಟ್ಟೆಗಳ ಮರಿಹುಳು, ಕೋಶಗಳ ಅಧ್ಯಯನಕ್ಕೆ ಕಾರವಾರದ್ದೇ ಹಳೆಯ ಹೆಸರು. ಅಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ತಮ್ಮ ಜೊತೆಗಾರರೊಂದಿಗೆ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಾಳುವೆಯನ್ನು ಗಿಡಗಿಡ ಹುಡುಕಿ ದಾಖಲಿಸಿದ್ದರು. ಚಿಟ್ಟೆಯನ್ನು ತಿಳಿಯಬೇಕಾದರೆ ಅದು ತಿನ್ನುವ ಗಿಡವನ್ನು ಮೊದಲು ತಿಳಿಯಬೇಕು ಎಂಬ ಅವರ ದಾರಿಯೇ ಇಂದಿಗೂ ಸರಿಯಾದದ್ದು.

ಮೊದಲು, ಅದು ಸ್ಕಿಪ್ಪರ್ ಹೌದೇ?

ಭಾರತದಲ್ಲಿ 300ಕ್ಕೂ ಹೆಚ್ಚು ಬಗೆಯ ಸ್ಕಿಪ್ಪರ್‌ಗಳಿವೆ. ಮೈ ಗಿಡ್ಡ ಮತ್ತು ದಪ್ಪ. ತಲೆ ಅಗಲ, ಎದೆಭಾಗದಷ್ಟೇ ಅಗಲ. ಕಣ್ಣು ದೊಡ್ಡವು. ಎರಡು ಕುಡಿಮೀಸೆಗಳ ಬುಡಗಳ ನಡುವೆ ಸಾಕಷ್ಟು ಅಂತರವಿರುತ್ತದೆ. ಬೇರೆ ಚಿಟ್ಟೆಗಳಲ್ಲಿ ಅವು ಒತ್ತಾಗಿ ಹುಟ್ಟುತ್ತವೆ. ಕುಡಿಮೀಸೆಯ ತುದಿ ಉಬ್ಬಿ, ಆಮೇಲೆ ಗಾಳದ ಹಾಗೆ ಹೊರಕ್ಕೆ ಬಾಗಿರುತ್ತದೆ. ಪತಂಗವೋ ಚಿಟ್ಟೆಯೋ ಎಂಬ ಅನುಮಾನ ಬಂದಾಗ ಈ ಬಾಗಿದ ತುದಿಯನ್ನೇ ನೋಡಿ. ಹಗಲು ಹಾರುವ ಪತಂಗಗಳ ಮೀಸೆ ಸಾಮಾನ್ಯವಾಗಿ ದಾರದಂತೆಯೋ ಗರಿಯಂತೆಯೋ ಇರುತ್ತದೆ.

ಕೂರುವ ಭಂಗಿಯೂ ಒಳ್ಳೆಯ ಗುರುತು. ಕೆಲವು ಸ್ಕಿಪ್ಪರ್‌ಗಳು ನಾಲ್ಕೂ ರೆಕ್ಕೆಗಳನ್ನು ಎಲೆಗೆ ಅಂಟಿಸಿದಂತೆ ಚಪ್ಪಟೆಯಾಗಿ ಹರಡಿ ಕೂರುತ್ತವೆ. ಹಾಗೆ ಕೂತದ್ದು ಬಾಬ್ ಅಲ್ಲ. ಬಾಬ್ ಸೇರಿರುವ ಗುಂಪಿನವು ಬಿಸಿಲು ಕಾಯಿಸುವಾಗ ಹಿಂದಿನ ರೆಕ್ಕೆಗಳನ್ನು ಅಗಲಿಸಿ, ಮುಂದಿನ ರೆಕ್ಕೆಗಳನ್ನು ಅರ್ಧ ಮಾತ್ರ ಎತ್ತಿ ಹಿಡಿಯುತ್ತವೆ. ನಾಲ್ಕು ರೆಕ್ಕೆ ಎರಡು ಬೇರೆ ಮಟ್ಟದಲ್ಲಿ ನಿಂತು, ಹಾರಲು ಸಜ್ಜಾದ ಜೆಟ್ ವಿಮಾನದಂತೆ ಕಾಣುತ್ತದೆ. ವಿಶ್ರಾಂತಿಯಲ್ಲಿರುವಾಗ ರೆಕ್ಕೆಗಳನ್ನು ಬೆನ್ನ ಮೇಲೆ ಪೂರ್ತಿ ಮಡಚಿಕೊಳ್ಳುತ್ತವೆ. ನಮಗೆ ಬೇಕಾದದ್ದು ಆ ಮಡಚಿದ ಕ್ಷಣ.

ಎಲ್ಲಿ, ಯಾವ ಹೊತ್ತಿನಲ್ಲಿ ಹುಡುಕಬೇಕು

ಬಿದಿರೇ ಇದರ ವಿಳಾಸ. ಮರಿಹುಳುಗಳು ಬಿದಿರಿನ ಎಲೆ ತಿನ್ನುತ್ತವೆ, ಹಾಗಾಗಿ ಹೆಬ್ಬಿದಿರಿನ ಮೆಳೆಗಳಿರುವ ತೇವದ ಕಾಡು, ಹಳ್ಳದ ದಂಡೆ, ಕಾಫಿ ಮತ್ತು ಅಡಿಕೆ ತೋಟದ ಅಂಚಿನ ಬಿದಿರು ಸಾಲು ಇವೆಲ್ಲ ಸರಿಯಾದ ಜಾಗ. ಕಾಡಿನ ದಟ್ಟ ನಡುವಿಗಿಂತ ಬಿಸಿಲು ತೂರಿ ಬರುವ ಕಾಲುದಾರಿ ಮೇಲು. ಮೆಳೆಯ ನೆತ್ತಿ ನೋಡುತ್ತಾ ಕತ್ತು ನೋಯಿಸಿಕೊಳ್ಳಬೇಡಿ. ಚಿಟ್ಟೆ ಇರುವುದು ನೆಲದಿಂದ ಒಂದು ಗೇಣಿನಿಂದ ಹಿಡಿದು ಸೊಂಟದೆತ್ತರದೊಳಗೆ, ದಾರಿಬದಿಯ ಹುಲ್ಲು, ಜರೀಗಿಡ, ಸಣ್ಣ ಪೊದೆಗಳ ಎಲೆಯ ಮೇಲೆ.

ಮಳೆಗಾಲ ಮುಗಿದು ಗಿಡಗಂಟಿ ಸೊಂಪಾಗಿರುವ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಹುಡುಕಾಟಕ್ಕೆ ಅನುಕೂಲ. ಜಡಿಮಳೆಯ ನಡುವೆ ಒಂದೆರಡು ದಿನ ಹೊಳವಾದಾಗಲೂ ಹೋಗಬಹುದು. ಬೆಳಗ್ಗೆ 9ರಿಂದ 11ರವರೆಗಿನ ಹೊತ್ತು ಚೆನ್ನ. ಆಗ ಬಿಸಿಲು ಎಳೆಯದು, ಚಿಟ್ಟೆಗಳು ಮೈ ಕಾಯಿಸಿಕೊಳ್ಳಲು ದಾರಿಯ ಬಿಸಿಲುಮಚ್ಚೆಗಳಿಗೆ ಇಳಿದಿರುತ್ತವೆ, ಕೂತಲ್ಲಿ ಹೆಚ್ಚು ಹೊತ್ತು ಕೂರುತ್ತವೆ. ನಡುಹಗಲಿನ ಕಾವಿನಲ್ಲಿ ಚುರುಕು ಜಾಸ್ತಿ, ಒಂದು ಕಡೆ ನಿಲ್ಲುವುದಿಲ್ಲ. ಮೀಸಲು ಅರಣ್ಯ, ಅಭಯಾರಣ್ಯಗಳೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲ ಸಲಕ್ಕೆ ತೋಟದಂಚಿನ ಬಿದಿರು ಮೆಳೆಯೇ ಸಾಕು.

ಹತ್ತಿರ ಹೋಗುವ ಕ್ರಮ

ಎದ್ದ ಚಿಟ್ಟೆಯನ್ನು ಅಟ್ಟಿಸಿಕೊಂಡು ಹೋಗಬೇಡಿ. ಚೆಸ್ಟ್‌ನಟ್ ಬಾಬ್ ದೂರ ಹಾರುವುದಿಲ್ಲ. ಎದ್ದಲ್ಲಿಂದ ನಾಲ್ಕಾರು ಅಡಿ ಸಾಗಿ ಮತ್ತೆ ಕೂರುತ್ತದೆ, ಅನೇಕ ಸಲ ಸುತ್ತು ಹಾಕಿ ಮೊದಲಿದ್ದ ಎಲೆಗೇ ಮರಳುತ್ತದೆ. ನಿಂತಲ್ಲೇ ನಿಂತು, ಕಣ್ಣಿನಿಂದ ಮಾತ್ರ ಹಿಂಬಾಲಿಸಿ. ಕೂತ ಮೇಲೆ ಎರಡು ನಿಮಿಷ ಬಿಡಿ. ಆಮೇಲೆ ಮೊಣಕಾಲೂರಿ, ಚಿಟ್ಟೆಯ ಮಟ್ಟಕ್ಕಿಂತ ನಿಮ್ಮ ತಲೆ ತೀರಾ ಎತ್ತರವಾಗದಂತೆ ಒಂದು ಬದಿಯಿಂದ ಸರಿಯಿರಿ. ನೆರಳು ಅದರ ಮೇಲೆ ಬಿದ್ದರೆ ಮುಗಿಯಿತು, ಆದ್ದರಿಂದ ಸೂರ್ಯ ಯಾವ ಕಡೆ ಎಂದು ಮೊದಲೇ ನೋಡಿಕೊಳ್ಳಿ. ಮುಂದಿರುವ ಹುಲ್ಲಿನ ಎಸಳು ಅಲುಗಿದರೂ ಅದು ಏಳುತ್ತದೆ. ಕೈಯಿಂದ ಹುಲ್ಲು ಸರಿಸುವ ಆಸೆಯನ್ನು ತಡೆದುಕೊಳ್ಳಬೇಕು.

ಫೋಟೋ ತೆಗೆಯುವುದಾದರೆ 90 ಅಥವಾ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಅನುಕೂಲ, ಮೂರು ನಾಲ್ಕು ಅಡಿ ದೂರದಿಂದಲೇ ಮೊದಲ ಚಿತ್ರ ತೆಗೆಯಬಹುದು. ಅಪರ್ಚರ್ ಎಫ್ 8ರ ಆಸುಪಾಸು, ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಮೊಬೈಲ್ ಆದರೆ ತೀರಾ ಹತ್ತಿರ ಚಾಚದೆ ಒಂದು ಅಡಿ ದೂರ ಬಿಟ್ಟು ಎರಡು ಪಟ್ಟು ಜೂಮ್ ಮಾಡಿ. ಮೊದಲು ಪಕ್ಕದಿಂದ ಮಡಚಿದ ರೆಕ್ಕೆ, ಆಮೇಲೆ ಮೇಲಿನಿಂದ ಬಿಚ್ಚಿದ ರೆಕ್ಕೆ, ಕೊನೆಗೆ ತಲೆ ಮತ್ತು ಮೀಸೆ. ಮೊದಲನೆಯದು ಸಿಗದಿದ್ದರೆ ಉಳಿದೆರಡರಿಂದ ಪ್ರಯೋಜನ ಕಡಿಮೆ.

ಇಲ್ಲಿ ಕೆಡುವುದು ಬಹುಮಟ್ಟಿಗೆ ಬೆಳಕಿನಿಂದ. ಬಿದಿರಿನ ನೆರಳಿನಲ್ಲಿ ಎಲೆಗಳಿಂದ ಸೋಸಿ ಬರುವ ಬೆಳಕು ಹಸಿರು, ಅದರಲ್ಲಿ ಕೆಂಗಂದು ರೆಕ್ಕೆ ಮಂಕಾದ ಕೆಸರು ಬಣ್ಣಕ್ಕೆ ತಿರುಗುತ್ತದೆ. ಚಿತ್ರವನ್ನು ನೋಡಿ ‘ಕೆಂಪಿಲ್ಲವಲ್ಲ’ ಎಂದು ಬೇರೆ ಹೆಸರಿಡುವುದು ಹೀಗೆಯೇ. ಇನ್ನೊಂದು ಕಡೆ, ನೇರ ಫ್ಲ್ಯಾಶ್ ಹಾಕಿದರೆ ಬೆಳ್ಳಿ ಚುಕ್ಕೆಗಳು ಬರೀ ಬಿಳಿ ಮಚ್ಚೆಗಳಾಗಿ ಸಿಡಿದು, ಸುತ್ತಲಿನ ಕಪ್ಪು ಅಂಚು ಮಾಯವಾಗುತ್ತದೆ. ಫ್ಲ್ಯಾಶ್ ಇಲ್ಲದೆ ತೆಗೆದು, ಎಕ್ಸ್‌ಪೋಶರ್ ಸ್ವಲ್ಪ ಕಡಿಮೆ ಮಾಡಿ ಇನ್ನೊಂದು ತೆಗೆಯಿರಿ. ಆಗ ಚುಕ್ಕೆಯ ಹೊಳಪೂ ಅಂಚೂ ಉಳಿಯುತ್ತವೆ.

ಗುರುತುಗಳು

ಗಾತ್ರದಿಂದ ಶುರು ಮಾಡೋಣ. ರೆಕ್ಕೆ ಹರಡಿದಾಗ ತುದಿಯಿಂದ ತುದಿಗೆ 26ರಿಂದ 30 ಮಿ.ಮೀ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ., ಅಂದರೆ ಬಿಚ್ಚಿದ ರೆಕ್ಕೆ ಸುಮಾರು ಆ ನಾಣ್ಯದಷ್ಟು. ಚಿಟ್ಟೆ ಹಾರಿಹೋದ ಮೇಲೆ ಅದು ಕೂತಿದ್ದ ಎಲೆಯ ಮೇಲೆ ನಾಣ್ಯ ಇಟ್ಟು ಒಂದು ಚಿತ್ರ ತೆಗೆದುಕೊಂಡರೆ ಗಾತ್ರವನ್ನು ನೆನಪಿನಿಂದ ಊಹಿಸುವ ಕಷ್ಟ ತಪ್ಪುತ್ತದೆ. ಮನಸ್ಸು ಯಾವಾಗಲೂ ಚಿಟ್ಟೆಯನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ನೆನಪಿಟ್ಟುಕೊಳ್ಳುತ್ತದೆ.

ಮೇಲ್ಮೈ ಗಾಢ ಕಂದು. ಗಂಡಿನ ಮುಂದಿನ ರೆಕ್ಕೆಯ ನಡುಭಾಗದಲ್ಲಿ ಮಸುಕಾದ ಕಿತ್ತಳೆ ಛಾಯೆ ಓರೆಯಾಗಿ ಹಾದಿರಬಹುದು, ಹೆಣ್ಣಿನಲ್ಲಿ ಅಲ್ಲೇ ಸಣ್ಣ ಬಿಳಿ ಚುಕ್ಕೆಗಳು ಕಾಣಬಹುದು. ಇಷ್ಟನ್ನೇ ನಂಬಿ ಹೆಸರಿಡಬೇಡಿ. ಮೇಲಿನಿಂದ ನೋಡಿದರೆ ನಮ್ಮ ಕಾಡಿನ ಹತ್ತಾರು ಸ್ಕಿಪ್ಪರ್‌ಗಳು ಹೀಗೆಯೇ ಇವೆ.

ಈಗ ಕೆಳಮೈ. ಮಡಚಿ ಕೂತಾಗ ಎದುರಿಗೆ ಕಾಣುವ ಹಿಂದಿನ ರೆಕ್ಕೆ ಪೂರ್ತಿ ಕೆಂಗಂದು, ಹೊಸ ಹುಣಸೆಬೀಜದ ಹೊರಸಿಪ್ಪೆಗೂ ಕಬ್ಬಿಣದ ತುಕ್ಕಿಗೂ ನಡುವಿನ ಬಣ್ಣ. ಅದರ ಮೇಲೆ ಬೆಳ್ಳಿಯಂತೆ ಹೊಳೆಯುವ ಪುಟ್ಟ ಚುಕ್ಕೆಗಳು, ಸಾಮಾನ್ಯವಾಗಿ ಎರಡರಿಂದ ನಾಲ್ಕು. ಪ್ರತಿ ಚುಕ್ಕೆಯ ಸುತ್ತ ಸೂಜಿಯಿಂದ ಗೀಚಿದಷ್ಟು ತೆಳುವಾದ ಕಪ್ಪು. ಬೆಳಕು ಓರೆಯಾಗಿ ಬಿದ್ದಾಗ ಚುಕ್ಕೆಗಳು ಮಿಂಚುತ್ತವೆ, ಚಿಟ್ಟೆ ಸ್ವಲ್ಪ ತಿರುಗಿದರೆ ಬರೀ ಬೆಳ್ಳಗಾಗುತ್ತವೆ. ಮುಂದಿನ ರೆಕ್ಕೆಯ ಕೆಳಮೈಯಲ್ಲಿ ತುದಿಯತ್ತ ಕೆಂಗಂದು, ಹಿಂಬದಿಯ ಅಂಚಿನತ್ತ ಕಪ್ಪು, ತುದಿಯ ಬಳಿ ಒಂದೆರಡು ಚಿಕ್ಕ ಬಿಳಿ ಚುಕ್ಕೆ. ಕೆಂಗಂದು ನೆಲ, ಕಪ್ಪಂಚಿನ ಬೆಳ್ಳಿ ಚುಕ್ಕೆ, ಹತ್ತು ರೂಪಾಯಿ ನಾಣ್ಯದ ಗಾತ್ರ, ಈ ಮೂರೂ ಕೂಡಿದರೆ ಅನುಮಾನವಿಲ್ಲ.

ಚುಕ್ಕೆಗಳ ಎಣಿಕೆಗೆ ಜೋತುಬೀಳಬೇಡಿ. ಅದು ಒಂದೊಂದರಲ್ಲಿ ಒಂದೊಂದು ಥರ. ಹಳೆಯದಾದ ಚಿಟ್ಟೆಯಲ್ಲಿ ರೆಕ್ಕೆಯ ಪುಡಿ ಉದುರಿ ಬೆಳ್ಳಿಯೇ ಅಳಿಸಿಹೋಗಿರಬಹುದು. ಅಂಥದ್ದು ಸಿಕ್ಕರೆ ರೆಕ್ಕೆಯಂಚಿನ ನವಿರು ಕೂದಲಿನ ಜಾಲರಿ ಹರಿದಿದೆಯೇ ನೋಡಿ. ಹರಿದಿದ್ದರೆ ಅದು ಹಳೆಯ ಚಿಟ್ಟೆ, ಚುಕ್ಕೆ ಇಲ್ಲದಿರುವುದಕ್ಕೆ ಬೆಲೆ ಕೊಡಬೇಕಾಗಿಲ್ಲ. ಅದೇ ಮೆಳೆಯ ಬಳಿ ಹೊಸದೊಂದನ್ನು ಹುಡುಕುವುದೇ ಒಳ್ಳೆಯದು.

ಯಾವುದರೊಂದಿಗೆ ತಪ್ಪುತ್ತದೆ

ಹೆಚ್ಚು ಮೋಸ ಮಾಡುವುದು ವಿಂಧ್ಯನ್ ಬಾಬ್, ಆರ್ನೆಟ್ಟಾ ವಿಂಧಿಯಾನಾ. ಗಾತ್ರ, ಹಾರಾಟ, ಜಾಗ ಎಲ್ಲ ಹತ್ತಿರ ಹತ್ತಿರ. ಕೆಳಮೈಯೂ ಕೆಂಗಂದಿನತ್ತ ವಾಲುತ್ತದೆ. ಆದರೆ ಅದರ ಚುಕ್ಕೆಗಳಲ್ಲಿ ಲೋಹದ ಹೊಳಪಿಲ್ಲ, ಅವು ಮಾಸಲು. ಹಿಂದಿನ ರೆಕ್ಕೆಯಲ್ಲಿ ಅವು ಹೆಚ್ಚು ಸಂಖ್ಯೆಯಲ್ಲಿದ್ದು ಬಾಗಿದ ಸಾಲಾಗಿ ಕಾಣುತ್ತವೆ. ಚಿತ್ರವನ್ನು ದೊಡ್ಡದು ಮಾಡಿ ‘ಹೊಳಪೋ, ಬರೀ ಬಿಳುಪೋ’ ಎಂದು ಕೇಳಿಕೊಳ್ಳಿ. ಇದೇ ಆರ್ನೆಟ್ಟಾ ಕುಲದ ಇನ್ನೊಂದು ಕೂರ್ಗ್ ಫಾರೆಸ್ಟ್ ಹಾಪರ್. ಅದರ ವೈಜ್ಞಾನಿಕ ಹೆಸರು ಆರ್ನೆಟ್ಟಾ ಮೆರ್ಕಾರಾ, ಮಡಿಕೇರಿಯನ್ನು ಬ್ರಿಟಿಷರು ಕರೆಯುತ್ತಿದ್ದ ಹೆಸರು ಅದರಲ್ಲಿ ಉಳಿದಿದೆ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ, ಅಪರೂಪದ ಚಿಟ್ಟೆ ಅದು. ಕೊಡಗಿನಲ್ಲಿ ‘ಬಾಬ್ ಇರಬೇಕು, ಆದರೆ ಬೆಳ್ಳಿ ಇಲ್ಲ’ ಎನ್ನಿಸುವುದು ಸಿಕ್ಕರೆ ಎರಡೂ ಮೈಯ ಚಿತ್ರ ತೆಗೆದು, ಬಲ್ಲವರಿಗೆ ತೋರಿಸದೆ ಹೆಸರು ಬರೆಯಬೇಡಿ.

ಕಾಮನ್ ರೆಡ್‌ಐ ಕೂಡ ಬಿದಿರಿನದೇ ಚಿಟ್ಟೆ, ಕೆಳಮೈ ಕೆಂಗಂದು. ಆದರೆ ಗಾತ್ರದಲ್ಲಿ ಬಾಬ್‌ನ ಒಂದೂವರೆ ಪಟ್ಟಿಗೂ ಹೆಚ್ಚು, ಚುಕ್ಕೆ ಒಂದೂ ಇಲ್ಲ, ಕಣ್ಣು ರಕ್ತಗೆಂಪು. ಮುಸ್ಸಂಜೆ, ನಸುಕಿನ ಹೊತ್ತಿನಲ್ಲಿ ಚುರುಕಾಗಿರುತ್ತದೆ. ಕೂನ್ ಎಂಬುದು ಮೇಲೆ ಕೆಳಗೆ ಎರಡೂ ಕಡೆ ಕಪ್ಪುಗಂದು, ಕೆಳಮೈ ನಡುವೆ ಇನ್ನೂ ಗಾಢವಾದ ಮಚ್ಚೆ. ಬೆಳ್ಳಿಯೂ ಇಲ್ಲ, ಕೆಂಪೂ ಇಲ್ಲ. ಬುಷ್ ಹಾಪರ್ ಬಾಬ್‌ಗಿಂತಲೂ ಚಿಕ್ಕದಾಗಿರಬಹುದು, ಅದರ ಹಿಂದಿನ ರೆಕ್ಕೆಯ ಕೆಳಮೈ ಹಳದಿ, ಮೇಲೆ ಕಪ್ಪು ಚುಕ್ಕೆ, ಗದ್ದೆಯ ಬದು ಮತ್ತು ಜೌಗಿನ ಹುಲ್ಲು ಅದರ ಜಾಗ. ಡಾರ್ಟ್‌ಗಳು ಕಿತ್ತಳೆ ಪಟ್ಟೆಯವು, ದೂರದಿಂದಲೇ ಬೇರೆ ಎಂದು ತಿಳಿಯುತ್ತದೆ. ಅರಿಸಿನ, ಶುಂಠಿ ಪಾತಿಯ ಮೇಲೆ ಸುತ್ತುವ, ರೆಕ್ಕೆಯಲ್ಲಿ ದೊಡ್ಡ ಬಿಳಿ ತೇಪೆ ಇರುವ ಗ್ರಾಸ್ ಡೀಮನ್ ಅನ್ನು ಬಾಬ್ ಜೊತೆ ಬೆರೆಸುವ ಅಗತ್ಯವೇ ಬರುವುದಿಲ್ಲ.

ನಡವಳಿಕೆಯಿಂದ ಖಚಿತ ಮಾಡಿಕೊಳ್ಳುವುದು

ಹೂವಿನ ವಿಷಯದಲ್ಲಿ ಬಾಬ್ ದಾರಿಬದಿಯ ಸಣ್ಣ ಮೂಲಿಕೆಗಳನ್ನು ಹುಡುಕಿ ಬರುತ್ತದೆ. ಎಲೆಯ ಮೇಲೆ ಒಣಗಿದ ಹಕ್ಕಿ ಹಿಕ್ಕೆಯೂ ಅದಕ್ಕೆ ಇಷ್ಟ. ಹಿಕ್ಕೆಯ ಮೇಲೆ ಸ್ಕಿಪ್ಪರ್ ಕೂತದ್ದು ಕಂಡರೆ ಆತುರಪಡದೆ ಅಲ್ಲೇ ಕುಳಿತುಬಿಡಿ. ಹೊಟ್ಟೆಯ ತುದಿಯನ್ನು ಕಾಲುಗಳ ನಡುವೆ ಮುಂದಕ್ಕೆ ಬಾಗಿಸಿ, ಒಂದು ಸ್ವಚ್ಛ ಹನಿಯನ್ನು ಒಣ ಹಿಕ್ಕೆಯ ಮೇಲೆ ಬಿಡುತ್ತದೆ. ಹನಿ ಹರಡಿ ಹಿಕ್ಕೆ ನೆನೆಯುತ್ತದೆ. ಆ ನೆನೆದ ಜಾಗಕ್ಕೆ ಹೀರುಗೊಳವೆ ಚಾಚಿ ಹೀರಿಕೊಳ್ಳುತ್ತದೆ, ಮತ್ತೆ ಹನಿ ಬಿಡುತ್ತದೆ, ಮತ್ತೆ ಹೀರುತ್ತದೆ. ಒಣಗಿದ ಲವಣವನ್ನು ತನ್ನದೇ ಮೈಯ ನೀರಿನಿಂದ ಕರಗಿಸಿ ಕುಡಿಯುವ ಉಪಾಯ ಇದು. ಈ ಕೆಲಸದಲ್ಲಿ ಮುಳುಗಿದಾಗ ಅದರ ಎಚ್ಚರ ಕಡಿಮೆ, ರೆಕ್ಕೆಯೂ ಬಹುಮಟ್ಟಿಗೆ ಮಡಚಿರುತ್ತದೆ. ಬೆಳ್ಳಿ ಚುಕ್ಕೆಯ ಒಳ್ಳೆಯ ಚಿತ್ರ ಬೇಕಿದ್ದರೆ ಬಿದಿರು ದಾರಿಯಲ್ಲಿ ಹಿಕ್ಕೆ ಬಿದ್ದ ಎಲೆಗಳನ್ನು ಗುರುತಿಟ್ಟುಕೊಂಡು ಅಲ್ಲಿ ಕಾಯುವುದು ಬೆನ್ನಟ್ಟುವುದಕ್ಕಿಂತ ಸಾವಿರ ಪಾಲು ಮೇಲು.

ಹೆಣ್ಣು ಬಿದಿರಿನ ಎಲೆಗಳ ನಡುವೆ ನಿಧಾನವಾಗಿ, ಎಲೆಯಿಂದ ಎಲೆಗೆ ತಡಕುತ್ತಾ ಹಾರುತ್ತಿದ್ದರೆ ಮೊಟ್ಟೆ ಇಡುವ ಜಾಗ ನೋಡುತ್ತಿದೆ ಎಂದರ್ಥ. ಮೊಟ್ಟೆ ಗುಮ್ಮಟದಾಕಾರದ್ದು, ಒಂದೊಂದಾಗಿ ಇಡುತ್ತದೆ. ಅದು ಹಾರಿಹೋದ ಮೇಲಷ್ಟೇ ಆ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ.

ಎಲೆ ಸುರುಳಿಯ ಗುಟ್ಟು

ಚಿಟ್ಟೆ ಕಾಣದ ದಿನವೂ ಬಿದಿರು ಸುಳಿವು ಕೊಡುತ್ತದೆ. ಕೆಳಗಿನ ಕೊಂಬೆಗಳಲ್ಲಿ, ಕೈಗೆಟುಕುವ ಎತ್ತರದ ಎಲೆಗಳಲ್ಲಿ, ಅಂಚನ್ನು ಕತ್ತರಿಸಿ ಮಡಚಿ ರೇಷ್ಮೆಯಂಥ ಎಳೆಯಿಂದ ಹೊಲಿದ ಸುರುಳಿ ಹುಡುಕಿ. ಸ್ಕಿಪ್ಪರ್ ಮರಿಹುಳು ಅದರೊಳಗೆ ಅಡಗಿದ್ದು ತಿನ್ನಲು ಹೊರಬರುತ್ತದೆ.

ಆದರೆ ಬಿದಿರಿನ ಎಲೆ ಸುತ್ತುವವರು ಹಲವರಿದ್ದಾರೆ, ಇಲ್ಲೇ ಹೊಸಬರು ಎಡವುವುದು. ಬಿದಿರಿನ ಎಲೆಸುರುಳಿ ಪತಂಗ ಕ್ರಿಪ್ಸಿಪ್ಟಿಯಾ ಕೋಕ್ಲೆಸಾಲಿಸ್ ಬಿದಿರು ಬೆಳೆಗಾರರಿಗೆ ತಿಳಿದಿರುವ ಪೀಡೆ. ಅದರ ಹುಳು ಹಲವು ಎಲೆಗಳನ್ನು ಒಟ್ಟಿಗೆ ಅಂಟಿಸಿ ಒಳಗೇ ಕೆರೆದು ತಿನ್ನುತ್ತದೆ, ಸುರುಳಿಯೊಳಗೆ ಹಿಕ್ಕೆಯ ಕಾಳು ತುಂಬಿರುತ್ತದೆ. ಬಿಚ್ಚಿದರೆ ಹುಳು ಹಿಮ್ಮುಖವಾಗಿ ಸರ್ರನೆ ಜಾರಿ ಬೀಳುತ್ತದೆ. ಸ್ಕಿಪ್ಪರ್ ಹುಳುವಿನ ಮನೆ ಮಾತ್ರ ಒಳಗೆ ಚೊಕ್ಕಟ. ಅದರ ಹಿಂಬದಿಯಲ್ಲಿ ಬಾಚಣಿಗೆಯಂಥ ಪುಟ್ಟ ಅಂಗವಿದೆ, ಹಿಕ್ಕೆಯನ್ನು ಅದರಿಂದ ಚಿಮ್ಮಿಸಿ ದೂರ ಎಸೆಯುತ್ತದೆ, ಮೈಯುದ್ದದ ಹತ್ತಾರು ಪಟ್ಟು ದೂರ. ಹಿಕ್ಕೆಯ ವಾಸನೆ ಹಿಡಿದು ಬರುವ ಕಣಜಗಳಿಂದ ಪಾರಾಗುವ ದಾರಿ ಅದು. ಹುಳು ನಿಧಾನ, ತಲೆ ದಪ್ಪ, ತಲೆಯ ಹಿಂದೆ ಕತ್ತು ಹಿಸುಕಿದಂತೆ ಸಪೂರ. ಈ ಕತ್ತು ಕಂಡರೆ ಸ್ಕಿಪ್ಪರ್ ಎಂಬುದು ನಿಶ್ಚಯ.

ಯಾವ ಸ್ಕಿಪ್ಪರ್ ಎಂಬುದು ಬೇರೆ ಪ್ರಶ್ನೆ. ರೆಡ್‌ಐ, ಪೇಂಟ್‌ಬ್ರಷ್ ಸ್ವಿಫ್ಟ್ ಮೊದಲಾದವೂ ಬಿದಿರನ್ನೇ ತಿನ್ನುತ್ತವೆ. ರೆಡ್‌ಐ ಕೋಶದ ಮೇಲೆ ಸುಣ್ಣ ಬಳಿದಂತೆ ಬಿಳಿ ಮೇಣದ ಪುಡಿ ಇರುತ್ತದೆ, ಅದೊಂದು ಸುಲಭ. ಎಳೆಯ ಹುಳುಗಳನ್ನು ನೋಡಿ ಹೆಸರು ಹೇಳುವ ಸಾಹಸ ಬೇಡ. ತಿಳಿಯಲೇಬೇಕೆಂದಿದ್ದರೆ, ನಿಮ್ಮದೇ ಜಮೀನಿನ ಮೆಳೆಯಿಂದ ಒಂದೇ ಒಂದು ಹುಳುವನ್ನು ಸುರುಳಿ ಸಮೇತ ತಂದು ಸಾಕಿ. ಕಾಡಿನಿಂದ ತರಬೇಡಿ.

ಸಾಕುವುದರಲ್ಲಿ ಮುಖ್ಯ ತೊಡಕು ಎಲೆಯದು. ಕಡಿದ ಬಿದಿರೆಲೆ ಬಹಳ ಬೇಗ ಬಾಡಿ ಉದ್ದಕ್ಕೆ ಮುದುರಿಕೊಳ್ಳುತ್ತದೆ, ಹುಳು ಅದನ್ನು ಮುಟ್ಟುವುದಿಲ್ಲ. ಒಂದು ಗೇಣುದ್ದದ ಕೊಂಬೆಯನ್ನು ಕಡಿದ ತಕ್ಷಣ ನೀರಿನ ಸಣ್ಣ ಸೀಸೆಗೆ ಇಳಿಸಿ, ಸೀಸೆಯ ಬಾಯಿಗೆ ಹತ್ತಿಯನ್ನು ಬಿಗಿಯಾಗಿ ತುರುಕಿ. ಹತ್ತಿ ಸಡಿಲವಿದ್ದರೆ ಹುಳು ಕಾಂಡ ಹಿಡಿದು ಇಳಿದು ನೀರಿಗೆ ಬಿದ್ದು ಸಾಯುತ್ತದೆ. ಸೀಸೆಯನ್ನು ಸೊಳ್ಳೆಪರದೆ ಬಟ್ಟೆ ಕಟ್ಟಿದ ಡಬ್ಬದಲ್ಲಿಟ್ಟು ನೆರಳಿನಲ್ಲಿಡಿ. ದಿನಾ ಹಿಕ್ಕೆ ತೆಗೆಯಿರಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಹಳೆಯ ಕೊಂಬೆಯಿಂದ ಹುಳುವನ್ನು ಕೈಯಿಂದ ಕಿತ್ತು ಹೊಸದಕ್ಕೆ ಹಾಕಬಾರದು. ಹೊಸ ಕೊಂಬೆಯನ್ನು ಪಕ್ಕದಲ್ಲಿ ತಾಗಿಸಿಟ್ಟರೆ ಅದೇ ದಾಟಿಕೊಳ್ಳುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ ಒಂದೆರಡು ದಿನ ತಿನ್ನದೆ ಅಲುಗದೆ ಇರುತ್ತದೆ, ಸತ್ತಿತೆಂದು ಎಸೆಯಬೇಡಿ. ಕೋಶವಾದ ಮೇಲೆ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ. ಕೆಲವು ಸಲ ಚಿಟ್ಟೆಯ ಬದಲು ಸಣ್ಣ ಕಣಜವೋ ನೊಣವೋ ಹೊರಬರುತ್ತದೆ. ಅವು ಹುಳುವಿನೊಳಗೆ ಮೊದಲೇ ಸೇರಿಕೊಂಡಿದ್ದ ಪರಾವಲಂಬಿಗಳು, ನಿಮ್ಮ ಆರೈಕೆಯ ತಪ್ಪಲ್ಲ. ಅದನ್ನೂ ಬರೆದಿಡಿ. ಚಿಟ್ಟೆಯೇ ಬಂದರೆ ರೆಕ್ಕೆ ಪೂರ್ತಿ ಒಣಗಲು ಬಿಟ್ಟು, ಕೆಳಮೈಯ ಚಿತ್ರ ತೆಗೆದು, ಹುಳು ತಂದ ಅದೇ ಮೆಳೆಯ ಬುಡದಲ್ಲಿ ಬಿಡಿ.

ಬರೆದಿಡುವಾಗ

ದಿನಾಂಕ, ಹೊತ್ತು, ಜಾಗ, ನೆಲದಿಂದ ಎತ್ತರ, ಬಿಸಿಲೋ ಮೋಡವೋ, ಏನು ಮಾಡುತ್ತಿತ್ತು, ಹತ್ತಿರದ ಬಿದಿರು ಎಷ್ಟು ದೂರ, ಯಾವ ಜಾತಿಯದು, ಇಷ್ಟು ಸಾಕು. ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕುವಾಗ ಕೆಳಮೈಯ ಚಿತ್ರವನ್ನು ಮೊದಲಿಗಿಡಿ. ಮೇಲ್ಮೈ ಚಿತ್ರ ಮಾತ್ರ ಇದ್ದರೆ ‘ಸ್ಕಿಪ್ಪರ್’ ಎಂಬ ಮಟ್ಟದಲ್ಲೇ ನಿಲ್ಲಿಸಿ. ತಪ್ಪು ಹೆಸರಿನ ದಾಖಲೆಗಿಂತ ಹೆಸರಿಲ್ಲದ ದಾಖಲೆ ಒಳ್ಳೆಯದು.

ಬಿದಿರಿನ ಬಗ್ಗೆ ಒಂದು ಸಾಲು ಹೆಚ್ಚಿಗೆ ಬರೆಯಿರಿ: ಕಟ್ಟೆ ಬಂದಿದೆಯೇ? ಹೆಬ್ಬಿದಿರು ಸುಮಾರು 40ರಿಂದ 50 ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗುತ್ತದೆ. ಆಗ ಆ ಕಾಡಿನ ಬಾಬ್‌ಗಳಿಗೆ ಎಲೆ ಎಲ್ಲಿಂದ? ಬೇರೆ ಜಾತಿಯ ಬಿದಿರಿಗೆ ಹೋಗುತ್ತವೆಯೇ, ತೋಟದ ಮೆಳೆಗೆ ಇಳಿಯುತ್ತವೆಯೇ, ಮೊಳೆತು ಬಂದ ಎಳೆಸಸಿಗಳನ್ನು ಎಷ್ಟನೆಯ ವರ್ಷ ಹುಡುಕಿ ಬರುತ್ತವೆ? ನಿಮ್ಮೂರಿನ ಬಿದಿರು ಒಣಗಿದ ವರ್ಷದಿಂದ ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ ಅದೇ ದೂರ ನಡೆದು, ಕಂಡ ಬಾಬ್‌ಗಳ ಎಣಿಕೆ ಇಡಿ. ಒಂದೂ ಕಾಣದ ದಿನ ಸೊನ್ನೆ ಎಂದು ಬರೆಯುವುದನ್ನು ಮರೆಯಬೇಡಿ. ಹತ್ತು ವರ್ಷದ ಇಂಥ ಪುಸ್ತಕವೊಂದು ಯಾವುದಾದರೂ ಹಳ್ಳಿಯಲ್ಲಿದ್ದರೆ, ಆ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಸಿಗುತ್ತದೆ.